ಗ್ರೈಂಡರ್, ಕಟ್ಟರ್, ಪ್ರೆಸ್ಸಲ್ಲಿ ಕೈ ಕೊಟ್ರೆ: ಮೊದಲ ಗಂಟೆಯಿಂದ ಪರಿಹಾರದ ದುಡ್ಡು ಬರೋವರೆಗೂ ಏನೇನ್ ಮಾಡ್ಬೇಕು

ಪೀಣ್ಯ, ಬೊಮ್ಮಸಂದ್ರ, ಹುಬ್ಬಳ್ಳಿ ಗೋಕುಲ ರೋಡು, ಬೆಳಗಾವಿ ಉದ್ಯಮಬಾಗ, ಎಲ್ಲೇ ಫ್ಯಾಬ್ರಿಕೇಷನ್ ಶೆಡ್ಡಿಗೆ ಹೋಗಿ ಟೀ ಟೈಮಲ್ಲಿ ಲೋಟ ಹಿಡ್ಕೊಂಡಿರೋ ಕೈಗಳನ್ನ ನೋಡಿ, ಯಾರ್ದೋ ಒಬ್ರದು ಬೆರಳು ಮೋಟಾಗಿರತ್ತೆ. ಕೇಳಿದ್ರೆ "ಪ್ರೆಸ್ಸಲ್ಲಿ (ತಗಡು ಒತ್ತೋ ಮಷಿನ್) ಹೋಯ್ತು ಸಾರ್", ಪರಿಹಾರ ಏನ್ ಸಿಕ್ತು ಅಂದ್ರೆ "ಓನರ್ ಆಸ್ಪತ್ರೆ ಬಿಲ್ ಕಟ್ಟಿದ್ರು, ಹತ್ತು ಸಾವಿರ ಕೊಟ್ರು". ಅಷ್ಟೇ. ಆ ಬೆರಳಿಗೆ ಕಾನೂನು ಪ್ರಕಾರ ಎರಡೂವರೆ ಲಕ್ಷಕ್ಕೂ ಮೇಲೆ ಬರಬಹುದಿತ್ತು ಅಂತ ಅವರಿಗೆ ಯಾರೂ ಹೇಳಿರಲ್ಲ. ಅದಕ್ಕೇ ಇದನ್ನ ಬರೀತಿರೋದು, ಸ್ವಲ್ಪ ಉದ್ದ ಆದ್ರೂ ಪೂರ್ತಿ ಓದಿ, ಮಷಿನ್ ಕೆಲಸ ಮಾಡೋರು ನಿಮ್ಮ ಮನೇಲಿದ್ರೆ ಅವರಿಗೂ ಓದಿ ಹೇಳಿ.

ಮೊದಲು ರಕ್ತ, ಆಮೇಲೆ ಬೇರೆ ಎಲ್ಲ

ಮಷಿನ್ ಆಫ್ ಮಾಡೋದು ಅಂದ್ರೆ ಬರೀ ಸ್ವಿಚ್ ಅಲ್ಲ, ಪ್ಲಗ್ ಕಿತ್ತಾಕಿ ಅಥವಾ ಮೇನ್ ಇಳಿಸಿ. ಗಾಯ ಆದೋನ ಕೈ ಹಿಡಿಯೋ ಗಡಿಬಿಡೀಲಿ ಟ್ರಿಗರ್ ಲಾಕ್ ಆಗಿರೋ ಗ್ರೈಂಡರ್ ನೆಲದ ಮೇಲೆ ತಿರುಗ್ತಾ ಇನ್ನೊಬ್ರ ಕಾಲಿಗೆ ಬಡಿಯೋದುಂಟು. ಪ್ರೆಸ್ಸು ಅಥವಾ ರೋಲರಲ್ಲಿ ಕೈ ಸಿಕ್ಕಾಕ್ಕೊಂಡಿದ್ರೆ ಎಳೀಬೇಡಿ, ರಿವರ್ಸ್ ಕೊಡಬೇಡಿ, ಪವರ್ ತೆಗೆದು ಆ ಮಷಿನ್ ಬಿಚ್ಚೋಕೆ ಗೊತ್ತಿರೋ ಫಿಟ್ಟರ್‌ನ ಕರೆಸಿ, ಇನ್ನೊಬ್ರು 108ಕ್ಕೆ ಫೋನ್ ಮಾಡಿ.

ಒಗೆದಿರೋ ಬಟ್ಟೆ ಅಥವಾ ಗಾಜ್ (ಬ್ಯಾಂಡೇಜ್ ಬಟ್ಟೆ) ಗಾಯದ ಮೇಲಿಟ್ಟು ಗಟ್ಟಿಯಾಗಿ ಒತ್ತಿ ಹಿಡೀರಿ, ಕೈನ ಎದೆಗಿಂತ ಮೇಲೆತ್ತಿ, ನಿಂತಿದ್ಯಾ ಅಂತ ನಿಮಿಷಕ್ಕೊಂದ್ಸಲ ತೆಗೆದು ನೋಡಬೇಡಿ, ನೆನೆದ್ರೆ ಅದರ ಮೇಲೇ ಇನ್ನೊಂದು ಬಟ್ಟೆ. ಅರಿಶಿನ, ಕಾಫಿಪುಡಿ, ಸೀಮೆಎಣ್ಣೆ, ಗ್ರೀಸ್ ಇವು ಯಾವುದನ್ನೂ ಹಾಕಲೇಬೇಡಿ, ಡಾಕ್ಟ್ರು ಆಮೇಲೆ ಅದನ್ನ ಉಜ್ಜಿ ತೆಗೀಬೇಕಾಗತ್ತೆ. ಬೆರಳಿಗೆ ದಾರ, ರಬ್ಬರ್ ಬ್ಯಾಂಡ್ ಬಿಗೀಬೇಡಿ. ಆದ್ರೆ ಕಟ್ಟರ್ ತೊಡೆಗೋ ತೋಳಿಗೋ ಬಿದ್ದು ರಕ್ತ ಚಿಮ್ತಾ ಇದ್ದು ಎಷ್ಟು ಒತ್ತಿದ್ರೂ ನಿಲ್ತಿಲ್ಲ ಅಂದ್ರೆ ಮಾತ್ರ ಗಾಯದಿಂದ ಎರಡು ಮೂರು ಇಂಚು ಮೇಲೆ, ಕೀಲಿನ ಮೇಲಲ್ಲ, ಅಗಲವಾದ ಬಟ್ಟೆ ಬಿಗಿದು ಕಟ್ಟಿ, ಕಟ್ಟಿದ ಟೈಮ್ ಹಣೆ ಮೇಲೋ ಕೈ ಮೇಲೋ ಪೆನ್ನಲ್ಲಿ ಬರೀರಿ. ಉಂಗುರ, ಕಡಗ ತಕ್ಷಣ ತೆಗೀರಿ, ಊದ್ಕೊಂಡ ಮೇಲೆ ಬರಲ್ಲ. ಆಪರೇಷನ್ ಆಗಬಹುದು, ಹಾಗಾಗಿ ಕಾಫಿ ನೀರು ಏನೂ ಕುಡಿಸ್ಬೇಡಿ.

ಬೆರಳು ಬೇರೆಯಾಗಿ ಬಿದ್ದಿದ್ರೆ ಇಲ್ಲೇ ಜನ ಜಾಸ್ತಿ ಎಡವೋದು, ನೇರ ಐಸ್ ಒಳಗೆ ಹಾಕ್ಬಿಡ್ತಾರೆ. ಹಾಗೆ ಮಾಡಿದ್ರೆ ಚರ್ಮ, ರಕ್ತನಾಳ ಹೆಪ್ಪುಗಟ್ಟಿ ಸತ್ತೋಗತ್ತೆ, ಮತ್ತೆ ಜೋಡಿಸೋಕೆ ಆಗಲ್ಲ. ತುಂಬಾ ಕೊಳೆ ಇದ್ರೆ ಸಲೈನ್ ಅಥವಾ ಶುದ್ಧ ನೀರು ಮೇಲಿಂದ ಹಾಗೇ ಸುರೀರಿ ಸಾಕು, ಉಜ್ಜಬೇಡಿ. ಸಲೈನಲ್ಲಿ ಒದ್ದೆ ಮಾಡಿ ಹಿಂಡಿದ ಗಾಜ್ ಬಟ್ಟೇಲಿ ಸುತ್ತಿ, ಪ್ಲಾಸ್ಟಿಕ್ ಕವರಲ್ಲಿ ಹಾಕಿ ನೀರು ಒಳಗೆ ಹೋಗದ ಹಾಗೆ ಬಾಯಿ ಕಟ್ಟಿ, ಆ ಕವರನ್ನ ಐಸು ನೀರು ಎರಡೂ ಇರೋ ಇನ್ನೊಂದು ಕವರ್ ಅಥವಾ ಡಬ್ಬದೊಳಗೆ ಇಡಿ. ಬೆರಳಾದ್ರೆ ತಣ್ಣಗಿದ್ದಾಗ ಸ್ವಲ್ಪ ಹೆಚ್ಚು ಗಂಟೆ ತಡ್ಕೊಳ್ಳತ್ತೆ, ಆದ್ರೆ ಇಡೀ ಹಸ್ತ ಅಥವಾ ತೋಳು ಅಂದ್ರೆ ಅದರೊಳಗೆ ಮಾಂಸಖಂಡ ಇರತ್ತೆ, ಆರು ಗಂಟೆ ದಾಟಿದ್ರೆ ಕಷ್ಟ. ಜಜ್ಜಿ ಹೋಗಿದ್ರೂ ಎಸೀಬೇಡಿ, ತಗೊಂಡು ಹೋಗಿ, ಕೂಡಿಸೋಕಾಗತ್ತೋ ಇಲ್ವೋ ಅಂತ ನಾವಲ್ಲ, ಸರ್ಜನ್ ಹೇಳಬೇಕು. ಎಲ್ಲ ನರ್ಸಿಂಗ್ ಹೋಮಲ್ಲೂ ಮೈಕ್ರೋ ಸರ್ಜರಿ ಇರಲ್ಲ, ದಾರೀಲೇ ಫೋನ್ ಮಾಡಿ "ಪ್ಲಾಸ್ಟಿಕ್ ಸರ್ಜನ್ ಅಥವಾ ಹ್ಯಾಂಡ್ ಸರ್ಜನ್ ಈಗ ಇದಾರಾ" ಅಂತ ಕೇಳ್ಕೊಂಡೇ ಹೋಗಿ, ಒಂದು ಕಡೆ ಹೊಲಿಗೆ ಹಾಕಿಸ್ಕೊಂಡು ಇನ್ನೊಂದು ಕಡೆ ಓಡೋದ್ರೊಳಗೆ ಟೈಮ್ ಹೋಗಿಬಿಡತ್ತೆ.

ಇನ್ನೊಂದು, ಸಣ್ಣ ತೂತು ಅಂತ ಬಿಟ್ಟುಬಿಡೋ ಗಾಯ. ಪೇಂಟ್ ಸ್ಪ್ರೇ ಗನ್ನು, ಗ್ರೀಸ್ ಗನ್ನು, ಹೈಡ್ರಾಲಿಕ್ ಪೈಪ್ ಲೀಕು, ಇವುಗಳ ಪ್ರೆಷರಿಗೆ ಎಣ್ಣೆ ಪೇಂಟು ಚರ್ಮದೊಳಗೆ ನುಗ್ಗಿರತ್ತೆ, ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣ್ಸತ್ತೆ, ಮೊದಲು ನೋವೂ ಇರಲ್ಲ, ಸಂಜೆ ಹೊತ್ತಿಗೆ ಬೆರಳು ಊದಿ ಕಪ್ಪಾಗಕ್ಕೆ ಶುರು. ಇದು ಕೂಡ ಎಮರ್ಜೆನ್ಸಿನೇ, ಆಸ್ಪತ್ರೇಲಿ "ಪ್ರೆಷರಲ್ಲಿ ಒಳಗೆ ಹೋಗಿದೆ" ಅಂತ ಒತ್ತಿ ಹೇಳಿ. ನೇಲ್ ಗನ್ ಮೊಳೆ ಹೊಕ್ಕಿದ್ರೆ ನೀವೇ ಕೀಳಬೇಡಿ. ಗ್ರೈಂಡರ್ ಕಿಡಿ, ಡಿಸ್ಕ್ ಚೂರು ಕಣ್ಣಿಗೆ ಹೋದ್ರೆ ಉಜ್ಜಬೇಡಿ, ಪಕ್ಕದೋನ ಕರ್ಚೀಫ್ ತುದಿಯಿಂದ ತೆಗೆಸ್ಕೋಬೇಡಿ, ಮೇಲೆ ಒಂದು ಪೇಪರ್ ಕಪ್ ಮುಚ್ಚಿ ಕಣ್ಣಾಸ್ಪತ್ರೆಗೆ ಹೋಗಿ, ಬೆಂಗಳೂರಲ್ಲಾದ್ರೆ ಮಿಂಟೋ ಇದೆ. ಟಿಟಿ ಇಂಜೆಕ್ಷನ್ ಎಲ್ಲ ಗಾಯಕ್ಕೂ ಕೇಳಿ ಹಾಕಿಸ್ಕೊಳ್ಳಿ.

ಕ್ಯಾಶುವಾಲ್ಟೀಲಿ ಹೇಳೋ ಒಂದು ಸಾಲು

ನನ್ನ ಪ್ರಕಾರ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದೇ. ಡ್ಯೂಟಿ ಡಾಕ್ಟ್ರು "ಏನಾಯ್ತು, ಎಲ್ಲಿ, ಎಷ್ಟೊತ್ತಿಗೆ" ಅಂತ ಕೇಳಿ ಕೇಸ್ ಶೀಟಲ್ಲಿ ಹಿಸ್ಟರಿ ಅಂತ ಎರಡು ಸಾಲು ಬರೀತಾರೆ. ಎರಡು ವರ್ಷ ಆದ್ಮೇಲೆ ಕೋರ್ಟಲ್ಲಿ ಓನರ್ ಕಡೆ ಲಾಯರ್ರು, ಇನ್ಶೂರೆನ್ಸ್ ಲಾಯರ್ರು ಮೊದಲು ತೆಗೆಯೋದು ಆ ಎರಡು ಸಾಲನ್ನೇ. ಆದ್ರೆ ಆಗಿರೋದೇನು ಅಂದ್ರೆ, ಕಾರಲ್ಲಿ ಕರ್ಕೊಂಡು ಬರೋ ಸೂಪರ್‌ವೈಸರ್ ದಾರೀಲೇ "ಖರ್ಚೆಲ್ಲ ನಾವ್ ನೋಡ್ಕೋತೀವಿ, ಬೈಕಿಂದ ಬಿದ್ದೆ ಅಂತ ಹೇಳ್ಬಿಡು, ಇಲ್ಲಾಂದ್ರೆ ಪೊಲೀಸು ಗಿಲೀಸು ಅಂತ ನಿಂಗೇ ತೊಂದ್ರೆ" ಅಂತ ಕಿವಿ ಕಚ್ಚಿರ್ತಾನೆ, ನೋವಲ್ಲಿರೋನು ಹೂಂ ಅಂದುಬಿಡ್ತಾನೆ, ಅಥವಾ ಅವನ ಪರವಾಗಿ ಆ ಸೂಪರ್‌ವೈಸರೇ ಹೇಳಿಬಿಡ್ತಾನೆ. ಬೈಕಿಂದ ಬಿದ್ದೋನಿಗೆ ಫ್ಯಾಕ್ಟರಿ ಯಾಕೆ ಪರಿಹಾರ ಕೊಡ್ಬೇಕು? ಅಲ್ಲಿಗೆ ಕೇಸು ಅರ್ಧ ಸತ್ತಂಗೇ.

ಹಾಗಾಗಿ ಜೊತೆಗೆ ಹೋಗೋ ಸ್ನೇಹಿತರಿಗೆ ಹೇಳ್ತಿದೀನಿ, ಗಾಯ ಆದೋನು ಮಾತಾಡೋ ಸ್ಥಿತೀಲಿಲ್ಲ ಅಂದ್ರೆ ನೀವೇ ಬಾಯಿ ಬಿಟ್ಟು ಹೇಳಿ: ಇಂಥ ಫ್ಯಾಕ್ಟರೀಲಿ, ಇಂಥ ಮಷಿನಲ್ಲಿ ಕೆಲಸ ಮಾಡ್ತಾ, ಬೆಳಿಗ್ಗೆ ಇಷ್ಟು ಗಂಟೆಗೆ ಆಯ್ತು. "ವರ್ಕ್‌ಪ್ಲೇಸ್ ಆಕ್ಸಿಡೆಂಟ್ ಅಂತ ಬರೀರಿ, ಎಂಎಲ್‌ಸಿ ಮಾಡಿ" ಅಂತ ಕೇಳಿ. ಎಂಎಲ್‌ಸಿ ಅಂದ್ರೆ ಮೆಡಿಕೋ ಲೀಗಲ್ ಕೇಸು, ಆಸ್ಪತ್ರೆಯೋರು ಪೊಲೀಸ್ ಸ್ಟೇಷನ್ನಿಗೆ ಮಾಹಿತಿ ಕಳಿಸ್ತಾರೆ, ಅದರಿಂದ ಕೆಲಸಗಾರನಿಗೆ ಏನೂ ತೊಂದ್ರೆ ಇಲ್ಲ. ಮಷಿನರಿ ವಿಷಯದಲ್ಲಿ ನಿರ್ಲಕ್ಷ್ಯ ಮಾಡಿದ್ರೆ ಭಾರತೀಯ ನ್ಯಾಯ ಸಂಹಿತೆ 289ನೇ ಸೆಕ್ಷನ್ ಅಡಿ ಕೇಸಾಗೋದು ಮಷಿನ್ ಸರಿ ಇಡಬೇಕಾದೋರ ಮೇಲೆ. ಡಿಸ್ಚಾರ್ಜ್ ಸಮ್ಮರೀಲೂ ಅದೇ ಮಾತು ಬಂದಿದ್ಯಾ ನೋಡಿ, ಇಂಗ್ಲಿಷ್ ಬರಲ್ಲ ಅಂದ್ರೆ ಓದೋಕೆ ಬರೋರ ಹತ್ರ ಓದಿಸಿ, ತಪ್ಪಿದ್ರೆ ವಾರ್ಡಿಂದ ಹೊರಗೆ ಬರೋ ಮುಂಚೇನೇ ತಿದ್ದಿಸಿ.

ಮೊಬೈಲು ಇರೋದು ಇದಕ್ಕೇ

ಅಪಘಾತ ಆದ ಜಾಗ ಮಾರನೇ ದಿನ ಹಾಗೇ ಇರಲ್ಲ. ರಕ್ತ ತೊಳೆದಿರ್ತಾರೆ, ಒಡೆದ ಡಿಸ್ಕ್ ಗುಜರಿಗೆ ಹೋಗಿರತ್ತೆ, ಗ್ರೈಂಡರಿಗೆ ಇಲ್ಲದ ಗಾರ್ಡು (ಡಿಸ್ಕ್ ಮುಚ್ಚೋ ರಕ್ಷಣೆ ಕವರ್) ರಾತ್ರೋರಾತ್ರಿ ಬಂದಿರತ್ತೆ. ಹಾಗಾಗಿ ಜೊತೇಲಿರೋ ಯಾರಾದ್ರೂ ಅವತ್ತೇ ಫೋಟೋ ತೆಗೀಲಿ, ಮಷಿನ್ನು, ಅದರ ನೇಮ್ ಪ್ಲೇಟು, ಡಿಸ್ಕು, ಸುತ್ತಲ ಜಾಗ. ಡಿಸ್ಕ್ ಫೋಟೋ ಯಾಕೆ ಅಂದ್ರೆ ಅದರ ಮೇಲೆ ಗರಿಷ್ಠ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಅಚ್ಚಾಗಿರತ್ತೆ, ನಾಲ್ಕಿಂಚಿನ ಗ್ರೈಂಡರ್ ಸುಮಾರು 11,000 ಆರ್‌ಪಿಎಂ ತಿರುಗತ್ತೆ, ಅದಕ್ಕೆ ಗಾರ್ಡ್ ಬಿಚ್ಚಿ ದೊಡ್ಡ ಮಷಿನ್ನಿನ ಸವೆದ ಡಿಸ್ಕ್ ಹಾಕಿಸಿದ್ರೆ, ಅಥವಾ ಮರ ಕೊಯ್ಯೋ ಹಲ್ಲಿನ ಬ್ಲೇಡ್ ಹಾಕಿಸಿದ್ರೆ, ತಪ್ಪು ಯಾರದು ಅನ್ನೋದು ಫೋಟೋದಲ್ಲೇ ಇದೆ.

ಗಾರ್ಡ್ ವಿಷಯ ಇನ್ನೂ ಒಂದು ಕಾರಣಕ್ಕೆ ಮುಖ್ಯ. ಪರಿಹಾರದ ಕಾನೂನಲ್ಲಿ ಓನರ್ ತಪ್ಪಿತ್ತು ಅಂತ ನೀವು ಸಾಬೀತು ಮಾಡಬೇಕಾಗಿಲ್ಲ, ಕೆಲಸದಿಂದ, ಕೆಲಸದ ವೇಳೇಲಿ ಆದ ಅಪಘಾತ ಅಂತ ತೋರಿಸಿದ್ರೆ ಸಾಕು, ನಿಮ್ಮ ಅಜಾಗರೂಕತೆಯಿಂದ ಆಗಿದ್ರೂ ಕೊಡಲೇಬೇಕು. ಆದ್ರೆ ಕುಡಿದಿದ್ದ, ಅಥವಾ ಸೇಫ್ಟಿ ಗಾರ್ಡನ್ನ ಬೇಕು ಅಂತಲೇ ತೆಗೆದಾಕಿದ್ದ ಅಂತ ಓನರ್ ತೋರಿಸಿದ್ರೆ ಪರಿಹಾರ ತಪ್ಪಿಸ್ಕೋಬಹುದು (ಸಾವು ಅಥವಾ ಪೂರ್ತಿ ಶಾಶ್ವತ ಅಂಗವೈಕಲ್ಯ ಆದಾಗ ಈ ನೆಪ ನಡೆಯಲ್ಲ). "ಅವನೇ ಗಾರ್ಡ್ ಬಿಚ್ಚಿದ್ದು" ಅನ್ನೋ ಮಾತು ಬಂದೇ ಬರತ್ತೆ ಅಂದ್ಕೊಳ್ಳಿ. ಶೆಡ್ಡಲ್ಲಿರೋ ಎಲ್ಲ ಗ್ರೈಂಡರಿಗೂ ಗಾರ್ಡ್ ಇಲ್ಲ ಅನ್ನೋ ಒಂದು ಫೋಟೋ, "ಬೇಗ ಮುಗ್ಸು, ಗಾರ್ಡ್ ಬೇಡ" ಅಂತ ಮೇಸ್ತ್ರಿ ಕಳಿಸಿದ ಒಂದು ವಾಯ್ಸ್ ಮೆಸೇಜು ಇದ್ರೆ ಆ ಮಾತು ನಿಲ್ಲಲ್ಲ.

ನೀವು ಅಲ್ಲಿ ಕೆಲಸ ಮಾಡ್ತಿದ್ರಿ ಅನ್ನೋದಕ್ಕೂ ಪುರಾವೆ ಬೇಕು, ಎಷ್ಟೋ ಕಡೆ "ಇವನು ನಮ್ಮೋನೇ ಅಲ್ಲ" ಅಂದುಬಿಡ್ತಾರೆ. ಫೋನ್‌ಪೇ, ಗೂಗಲ್‌ಪೇಲಿ ಬಂದ ವಾರದ ಪೇಮೆಂಟು, ಮೇಸ್ತ್ರಿ ಜೊತೆ ವಾಟ್ಸಾಪು, ಗೇಟ್ ಪಾಸು, ಸೈಟಲ್ಲಿ ತೆಗೆದ ಸೆಲ್ಫಿ ಎಲ್ಲ ಕೂಡ ಲೆಕ್ಕಕ್ಕೆ ಬರತ್ತೆ, ಮೊಬೈಲ್ ರಿಪೇರಿಗೆ ಕೊಡೋ ಮುಂಚೆ ಬೇರೆ ಕಡೆ ಕಳಿಸಿಟ್ಕೊಳ್ಳಿ. ನೋಡಿದೋರ ಹೆಸರು, ಊರು, ನಂಬರ್ ಬರೆದಿಟ್ಕೊಳ್ಳಿ, ವಲಸೆ ಕೆಲಸಗಾರರು ಮುಂದಿನ ತಿಂಗಳು ಬೇರೆ ರಾಜ್ಯದಲ್ಲಿರ್ತಾರೆ. ಮತ್ತೆ ಓನರಿಗೆ ಒಂದು ಪತ್ರ, ಇಂಥ ದಿನ ಇಂಥ ಗಾಯ ಆಯ್ತು ಅಂತ, ಸ್ಪೀಡ್ ಪೋಸ್ಟಲ್ಲಿ ಕಳಿಸಿ ರಸೀದಿ ಇಟ್ಕೊಳ್ಳಿ. ಫ್ಯಾಕ್ಟರಿ ಆದ್ರೆ ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಗೂ ಅದರ ಕಾಪಿ ಕಳಿಸಿ, 48 ಗಂಟೆಗಿಂತ ಜಾಸ್ತಿ ಕೆಲಸಕ್ಕೆ ಬರಕ್ಕಾಗದಂಥ ಗಾಯ ಆದ್ರೆ ಮ್ಯಾನೇಜರೇ ಅಲ್ಲಿಗೆ ತಿಳಿಸಬೇಕು, ತಿಳಿಸಿರಲ್ಲ ಅನ್ನೋದು ಬೇರೆ ಮಾತು.

ದುಡ್ಡು ಎಲ್ಲಿಂದ: ಇಎಸ್‌ಐ ಇದ್ಯಾ ಇಲ್ವಾ

ಮೊದಲು ಇದನ್ನ ನೋಡಿ. ಹತ್ತು ಜನ ಅಥವಾ ಜಾಸ್ತಿ ಇರೋ ಫ್ಯಾಕ್ಟರಿ, ನಿಮ್ಮ ಸಂಬಳ ತಿಂಗಳಿಗೆ 21,000ದೊಳಗೆ ಅಂದ್ರೆ ಇಎಸ್‌ಐ (ಸರ್ಕಾರದ ಕಾರ್ಮಿಕ ವಿಮೆ) ಇರಲೇಬೇಕು. ನಿಮ್ಮ ಸಂಬಳದಲ್ಲಿ 0.75 ಪರ್ಸೆಂಟ್ ಕಟ್ ಆಗತ್ತೆ, ಓನರ್ 3.25 ಹಾಕ್ತಾರೆ. ಕೆಲಸದಲ್ಲಿ ಗಾಯ ಆದ್ರೆ ಇಷ್ಟು ದಿನ ಕಟ್ಟಿರಬೇಕು ಅನ್ನೋ ಕಂಡೀಷನ್ ಇಲ್ಲ, ಸೇರಿದ ಮೊದಲ ದಿನ ಆದ್ರೂ ಸಿಗತ್ತೆ. ಓನರ್ ಫಾರಂ 12ರಲ್ಲಿ ಆಕ್ಸಿಡೆಂಟ್ ರಿಪೋರ್ಟ್ ಹಾಕಬೇಕು, ಹಾಕಿಲ್ಲ ಅಂದ್ರೆ ನೀವೇ ಬ್ರಾಂಚ್ ಆಫೀಸಿಗೆ ಹೋಗಿ ಬರೆದು ಕೊಡಿ. ವಾಸಿ ಆಗೋವರೆಗೂ ದಿನಗೂಲಿಯ 90 ಪರ್ಸೆಂಟ್ ಬರತ್ತೆ, ಆಮೇಲೆ ಬೆರಳು ಹೋಗಿರೋದಕ್ಕೆ ಮೆಡಿಕಲ್ ಬೋರ್ಡು ಎಷ್ಟು ಪರ್ಸೆಂಟ್ ನಷ್ಟ ಅಂತ ಹೇಳತ್ತೆ, ಆ ಲೆಕ್ಕದಲ್ಲಿ ಜೀವನಪೂರ್ತಿ ಪೆನ್ಷನ್ ಥರ. ದಿನಕ್ಕೆ 600 ಸಂಬಳ ಇದ್ದೋನಿಗೆ 90 ಪರ್ಸೆಂಟ್ ಅಂದ್ರೆ 540, ತೋರುಬೆರಳು ಹೋಗಿ 14 ಪರ್ಸೆಂಟ್ ಅಂತ ಬಂದ್ರೆ ದಿನಕ್ಕೆ 75 ರೂಪಾಯಿ ಚಿಲ್ಲರೆ, ತಿಂಗಳಿಗೆ ಎರಡು ಸಾವಿರದ ಇನ್ನೂರರ ಮೇಲೆ. ಬೋರ್ಡು ಕಡಿಮೆ ಹಾಕಿದೆ ಅನ್ಸಿದ್ರೆ ಅಪೀಲ್ ಇದೆ, ಸುಮ್ನೆ ಬರಬೇಡಿ. ಓನರ್ ದುಡ್ಡು ಕಟ್ಟಿರಲಿಲ್ಲ ಅನ್ನೋದು ನಿಮ್ಮ ತಪ್ಪಲ್ಲ, ಬ್ರಾಂಚ್ ಆಫೀಸಲ್ಲಿ ದೂರು ಕೊಡಿ, ಅದನ್ನ ಇಎಸ್‌ಐ ಕಾರ್ಪೊರೇಷನ್ ಓನರ್ ಹತ್ರ ವಸೂಲಿ ಮಾಡಕ್ಕಾಗತ್ತೆ. ಇಎಸ್‌ಐ ಟೋಲ್ ಫ್ರೀ 1800-11-2526.

ಇಎಸ್‌ಐ ಇಲ್ಲದೋರು, ಅಂದ್ರೆ ಬಡಗಿಗಳು, ಗ್ರಾನೈಟ್ ಕಟ್ಟಿಂಗ್ ಹುಡುಗರು, ಸಣ್ಣ ವೆಲ್ಡಿಂಗ್ ಶಾಪು, ಇವರಿಗೆ ಎಂಪ್ಲಾಯೀಸ್ ಕಾಂಪನ್ಸೇಷನ್, ಅಂದ್ರೆ ಓನರೇ ಕೊಡಬೇಕಾದ ಪರಿಹಾರ. ಎರಡರಲ್ಲೂ ತಗೊಳ್ಳೋಕಾಗಲ್ಲ, ಒಂದೇ. ಮೊದಲು 1923ರ ಕಾಯ್ದೆ ಇತ್ತು, 2025ರ ನವೆಂಬರ್ 21ರಿಂದ ಆ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಲೆಕ್ಕ ಹಾಕೋ ರೀತಿ ಮಾತ್ರ ಹಳೇದೇ. ಹೇಗೆ ಅಂತ ಒಂದ್ಸಲ ನೋಡೋಣ. ವಯಸ್ಸು 30, ತಿಂಗಳ ದುಡಿಮೆ 22,000 ಇದ್ರೂ ಲೆಕ್ಕಕ್ಕೆ 15,000 ಮಾತ್ರ ತಗೋತಾರೆ (ಈ ಮಿತಿ 2020ರ ಜನವರಿಯದು, ಇದು ಇಷ್ಟು ಕಡಿಮೆ ಇರೋದು ಅನ್ಯಾಯ ಅಂತಾನೇ ನನ್ನ ಅಭಿಪ್ರಾಯ). ಅದರ 60 ಪರ್ಸೆಂಟ್ 9,000. ಮೂವತ್ತು ವರ್ಷಕ್ಕೆ ಕಾನೂನಿನ ಪಟ್ಟೀಲಿರೋ ಫ್ಯಾಕ್ಟರ್ (ವಯಸ್ಸಿಗೆ ತಕ್ಕ ಹಾಗೆ ಗುಣಿಸೋ ಸಂಖ್ಯೆ) 207.98. ಗುಣಿಸಿದ್ರೆ 18,71,820, ಇದು ಪೂರ್ತಿ ಅಂಗವೈಕಲ್ಯದ ಮೊತ್ತ. ಈಗ ಯಾವ ಬೆರಳು ಅನ್ನೋದರ ಮೇಲೆ ಪರ್ಸೆಂಟ್: ಹೆಬ್ಬೆರಳು ಪೂರ್ತಿ ಹೋದ್ರೆ 30, ತೋರುಬೆರಳು ಪೂರ್ತಿ 14, ನಡುಬೆರಳು 12, ಉಂಗುರ ಬೆರಳು ಅಥವಾ ಕಿರುಬೆರಳು 7, ಒಂದು ಕೈಯ ಮೂರು ಬೆರಳು 30, ನಾಲ್ಕು ಬೆರಳು 50, ಒಂದು ಕಣ್ಣಿನ ದೃಷ್ಟಿ ಹೋದ್ರೆ 30. ಮೂಳೆ ಹೋಗದೆ ತೋರುಬೆರಳ ತುದಿ ಮಾತ್ರ ಹೋದ್ರೂ 5 ಇದೆ. ಅಂದ್ರೆ ಮೂವತ್ತರ ಹುಡುಗನ ತೋರುಬೆರಳಿಗೆ 2,62,054 ರೂಪಾಯಿ, ಹೆಬ್ಬೆರಳಿಗೆ 5,61,546, ಬರೀ ತುದಿಗೆ 93,591. ಚಿಕಿತ್ಸೆ ಖರ್ಚು ಇದರ ಮೇಲೆ ಬೇರೆ, ಹಾಗಾಗಿ ಬಿಲ್ಲು, ಮೆಡಿಕಲ್ ಸ್ಟೋರ್ ಚೀಟಿ ಒಂದನ್ನೂ ಬಿಸಾಕಬೇಡಿ. ಕೆಲಸಕ್ಕೆ ಹೋಗೋಕಾಗದ ದಿನಗಳಿಗೆ ಹದಿನೈದು ದಿನಕ್ಕೊಮ್ಮೆ ತಿಂಗಳ ಸಂಬಳದ 25 ಪರ್ಸೆಂಟ್ ಕೊಡಬೇಕು.

ಪಟ್ಟಿಯ ಪರ್ಸೆಂಟೇ ಕೊನೆ ಮಾತಲ್ಲ. 1975ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್ ಒಬ್ಬ ಬಡಗಿಯ ಕೇಸಲ್ಲಿ ತೀರ್ಪು ಕೊಡ್ತು, ಎಡಗೈ ಮೊಣಕೈ ಮೇಲಿಂದ ಹೋಗಿತ್ತು, ಇನ್ನೊಂದು ಕೈ ಇದ್ಯಲ್ಲ ಅಂತ ಓನರ್ ಕಡೆಯೋರ ವಾದ, ಒಂದೇ ಕೈಲಿ ಬಡಗಿ ಕೆಲಸ ಮಾಡೋಕಾಗಲ್ಲ, ಹಾಗಾಗಿ ನಷ್ಟ ನೂರಕ್ಕೆ ನೂರು ಅಂತ ಕೋರ್ಟ್ ಹೇಳ್ತು. ಆದ್ದರಿಂದ ಡಾಕ್ಟರ್ ಸರ್ಟಿಫಿಕೇಟ್ ಬರೆಯೋವಾಗ ನಿಮ್ಮ ಕೆಲಸ ಏನು, ಆ ಕೈಲಿ ಏನ್ ಹಿಡೀತಿದ್ರಿ, ಈಗ ಏನ್ ಹಿಡಿಯಕ್ಕಾಗ್ತಿಲ್ಲ ಅಂತ ಬಿಡಿಸಿ ಹೇಳಿ. ಅದೇ ತೀರ್ಪಲ್ಲಿ ಇನ್ನೊಂದು ಮಾತಿದೆ, ಪರಿಹಾರ ಕೊಡೋ ಹೊಣೆ ಅಪಘಾತ ಆದ ದಿನದಿಂದಲೇ ಶುರು. ಒಂದು ತಿಂಗಳೊಳಗೆ ಕೊಡದಿದ್ರೆ ವರ್ಷಕ್ಕೆ 12 ಪರ್ಸೆಂಟ್ ಬಡ್ಡಿ, ಸರಿಯಾದ ಕಾರಣ ಇಲ್ಲದೆ ಸತಾಯಿಸಿದ್ರೆ ಮೊತ್ತದ ಅರ್ಧದವರೆಗೂ ದಂಡ.

ಮೇಸ್ತ್ರಿ ಕೈಲಿ ದುಡ್ಡಿಲ್ಲ ಅಂದ್ರೆ? ಇಂಟೀರಿಯರ್ ಕಂಪನಿ, ಬಿಲ್ಡರ್ ತಮ್ಮದೇ ವ್ಯವಹಾರದ ಕೆಲಸಾನ ಮೇಸ್ತ್ರಿಗೆ ಕೊಟ್ಟು ಮಾಡಿಸ್ತಿದ್ರೆ ಕಾನೂನಲ್ಲಿ ಅವರೂ ಹೊಣೆ, ಅರ್ಜೀಲಿ ಇಬ್ಬರ ಹೆಸರೂ ಹಾಕಿ. ಸ್ವಂತ ಮನೆ ಕಟ್ಟಿಸ್ತಿರೋ ಸಾಮಾನ್ಯ ಮನುಷ್ಯನ ಮೇಲೆ ಹೀಗೆ ಹಾಕೋದು ಕಷ್ಟ. ಕಟ್ಟಡ ಕಾರ್ಮಿಕರ ಕಾರ್ಡ್ ಇದ್ರೆ ಕಲ್ಯಾಣ ಮಂಡಳಿಯಿಂದ ಅಪಘಾತ ಸಹಾಯ ಕೇಳಿ, ಕಾರ್ಮಿಕ ಇಲಾಖೆ ಸಹಾಯವಾಣಿ 155214. ವರ್ಷಕ್ಕೆ 20 ರೂಪಾಯಿ ಕಟ್ ಆಗೋ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇದ್ರೆ ಒಂದು ಕೈ ಅಥವಾ ಒಂದು ಕಣ್ಣು ಪೂರ್ತಿ ಹೋದ್ರೆ ಒಂದು ಲಕ್ಷ ಸಿಗತ್ತೆ, ಒಂದೆರಡು ಬೆರಳಿಗೆ ಸಿಗಲ್ಲ.

ಸ್ಟಾಂಪ್ ಪೇಪರು

ಆಸ್ಪತ್ರೆಯಿಂದ ಬಂದು ವಾರಕ್ಕೆ ಓನರ್ ಕಡೆಯೋರು ಮನೆಗೆ ಬರ್ತಾರೆ, ಮೂವತ್ತು ಸಾವಿರ ಕೈಲಿಟ್ಟು "ಇನ್ನು ಮುಂದೆ ಯಾವ ಕ್ಲೇಮೂ ಇಲ್ಲ" ಅಂತ ಬರೆದಿರೋ ಸ್ಟಾಂಪ್ ಪೇಪರಿಗೆ ಸೈನ್ ಕೇಳ್ತಾರೆ. ಮನೇಲಿ ಅಕ್ಕಿ ಇಲ್ಲ, ಯಾರಾದ್ರೂ ಹಾಕಿಬಿಡ್ತಾರೆ, ಅವರನ್ನ ಬಯ್ಯೋಕೆ ನಂಗೆ ಮನಸ್ಸಿಲ್ಲ. ಆದ್ರೆ ಗೊತ್ತಿರಲಿ, ಪರಿಹಾರದ ಹಕ್ಕನ್ನ ಬಿಟ್ಟುಕೊಡೋ ಇಲ್ಲ ಕಡಿಮೆ ಮಾಡೋ ಕರಾರು ಕಾನೂನಲ್ಲಿ ಊರ್ಜಿತ ಅಲ್ಲ, ಸೈನ್ ಹಾಕಿದ್ರೂ ಕೇಸ್ ಹಾಕಬಹುದು. ದುಡ್ಡು ತಗೊಂಡ್ರೆ ಎಷ್ಟು, ಯಾವತ್ತು ಅಂತ ಬರೆದಿಟ್ಕೊಳ್ಳಿ, ಆದಷ್ಟು ಅಕೌಂಟಿಗೇ ಹಾಕಿಸ್ಕೊಳ್ಳಿ. ಖಾಲಿ ಪೇಪರಿಗೆ, ಖಾಲಿ ವೋಚರಿಗೆ ಮಾತ್ರ ಹೆಬ್ಬೆಟ್ಟೂ ಬೇಡ ಸೈನೂ ಬೇಡ, ಅದನ್ನ ಹಳೇ ತಾರೀಖಿನ ರಾಜೀನಾಮೆ ಮಾಡಿಬಿಡ್ತಾರೆ.

ಆ ಕೈನ ಮತ್ತೆ ಬಳಸೋದು

ಹೊಲಿಗೆ ಬಿಚ್ಚಿದ ಮೇಲೆ ಫಿಸಿಯೋಥೆರಪಿ ಬಿಡೋರೇ ಜಾಸ್ತಿ, ಬಸ್ ಚಾರ್ಜು, ದಿನದ ಕೂಲಿ ಎರಡೂ ಹೋಗತ್ತೆ ಅಂತ. ಆದ್ರೆ ಗಾಯ ಆಗದ ಪಕ್ಕದ ಬೆರಳುಗಳೂ ಬಿಗಿದು ಮಡಚಕ್ಕಾಗದ ಹಾಗೆ ಆಗೋದು ಆ ತಿಂಗಳುಗಳಲ್ಲೇ. ಡಾಕ್ಟ್ರು ಹೇಳಿದ ದಿನದಿಂದ, ಹೇಳಿದಷ್ಟೇ, ಮನೇಲೂ ಮಡಚಿ ಬಿಡಿಸಿ ಮಾಡ್ತಿರಿ. ಬೆರಳು ಮರುಜೋಡಣೆ ಆಗಿದ್ರೆ ಬೀಡಿ ಸಿಗರೇಟು ಮುಟ್ಟಲೇಬೇಡಿ, ನಿಕೋಟಿನ್ನಿಂದ ಸಣ್ಣ ರಕ್ತನಾಳ ಕುಗ್ಗಿ ಕೂಡಿಸಿದ ಬೆರಳು ಸತ್ತೋಗಬಹುದು. ಇಲ್ಲದ ಬೆರಳಲ್ಲಿ ನೋವು ಬರೋದು, ಚಳೀಲಿ ಜುಮುಜುಮು ಅನ್ನೋದು, ಮಷಿನ್ ಸದ್ದು ಕೇಳಿದ್ರೆ ಎದೆ ಹೊಡ್ಕೊಳ್ಳೋದು, ರಾತ್ರಿ ಬೆಚ್ಚಿ ಏಳೋದು, ಇವೆಲ್ಲ ನಿಜವಾದ ತೊಂದರೆಗಳು, ಇವಕ್ಕೂ ಔಷಧಿ ಇದೆ, ನಾಚಿಕೆ ಬಿಟ್ಟು ಡಾಕ್ಟ್ರಿಗೆ ಹೇಳಿ, ಫೈಲಲ್ಲೂ ಬರೆಸಿ.

ಕೇಸ್ ಎಲ್ಲಿ ಹಾಕೋದು

ಬೆಂಗಳೂರಲ್ಲಿ ಕೈ ಹೋಗಿ ಊರಿಗೆ ವಾಪಸ್ ಹೋದ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯೋರು ಎಷ್ಟೋ ಜನ "ಮತ್ತೆ ಬೆಂಗಳೂರಿಗೆ ಯಾರ್ ಓಡಾಡ್ತಾರೆ" ಅಂತ ಕೈಚೆಲ್ಲಿ ಕೂತಿರ್ತಾರೆ. ಓಡಾಡೋದು ಬೇಡ, ನೀವು ಈಗ ವಾಸ ಇರೋ ಜಾಗದಲ್ಲೇ ಅರ್ಜಿ ಹಾಕೋಕೆ ಕಾನೂನಲ್ಲಿ ಅವಕಾಶ ಇದೆ. ಹಳೇ ಕಾಯ್ದೆ ಅಡಿ ನಮ್ಮ ರಾಜ್ಯದಲ್ಲಿ ಸೀನಿಯರ್ ಸಿವಿಲ್ ಜಡ್ಜ್‌ಗಳೇ ಕಮಿಷನರ್ ಆಗಿ ಈ ಕೇಸುಗಳನ್ನ ನಡೆಸ್ತಾ ಬಂದಿದಾರೆ. ತಡ ಮಾಡಬೇಡಿ, ಏನೇ ಆದ್ರೂ ಅಪಘಾತ ಆದ ಎರಡು ವರ್ಷದೊಳಗೆ ಅರ್ಜಿ ಬಿದ್ದಿರಬೇಕು ಅಂತಿಟ್ಕೊಳ್ಳಿ, ದಾಟಿಹೋಗಿದ್ರೂ ಸರಿಯಾದ ಕಾರಣ ಇದ್ರೆ ಕೇಳಿ ನೋಡಿ. ಲಾಯರ್ ಫೀಸಿಗೆ ದುಡ್ಡಿಲ್ಲದೋರು ಜಿಲ್ಲಾ ಕೋರ್ಟ್ ಆವರಣದಲ್ಲಿರೋ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲಾಂದ್ರೆ 15100ಕ್ಕೆ ಫೋನ್ ಮಾಡಿ, ಕೈಗಾರಿಕಾ ಕಾರ್ಮಿಕರು, ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಪಂಗಡದೋರು, ಅಂಗವಿಕಲರು, ಇವರಿಗೆಲ್ಲ ಉಚಿತ ವಕೀಲರನ್ನ ಕೊಡ್ತಾರೆ. ಹೋಗುವಾಗ ಕೇಸ್ ಶೀಟ್ ಕಾಪಿ, ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ, ಎಂಎಲ್‌ಸಿ ನಂಬರ್, ಬಿಲ್ಲುಗಳು, ವಯಸ್ಸಿಗೆ ಆಧಾರ್ ಅಥವಾ ಸ್ಕೂಲ್ ಟಿಸಿ, ಸಂಬಳ ಬಂದಿದ್ದಕ್ಕೆ ಪ್ರಿಂಟ್‌ಔಟು, ಮಷಿನ್ ಫೋಟೋ ಇಷ್ಟೂ ಒಂದು ಕವರಲ್ಲಿ ಇಟ್ಕೊಂಡು ಹೋಗಿ, ಒರಿಜಿನಲ್ ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಕೊಡಿ.